ಕಸೂತಿಯಲ್ಲಿ ಸೈಕಲ್ ಬರುತ್ತದಾ?

ಹೋದ ದಸರಾ ರಜೆಯಲ್ಲಿ ಅಣ್ಣನ ಮಗಳು ಧಾರವಾಡದ ಮನೆಯಲ್ಲಿ ನಮ್ಮ ಕಾಕು, ಅಂದರೆ ಚಿಕ್ಕಮ್ಮನ ಮುಂದೆ ಒಂದು ಕುರ್ತಾ ಹಿಡಿದು ಕೂತಳು. ಕಾಕು ಐವತ್ತು ವರ್ಷದಿಂದ ಕಸೂತಿ ಹಾಕುವವರು.

"ಅಜ್ಜಿ, ಇದರ ಮ್ಯಾಲೆ ಸೈಕಲ್ ಬರತದೇನ?"

ಕಾಕು ಕನ್ನಡಕ ಸರಿ ಮಾಡಿಕೊಂಡು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎಂಥ ಸೈಕಲ್, ಎಷ್ಟು ದೊಡ್ಡದು, ಯಾವ ಬಣ್ಣ ಅಂತ ಒಂದೂ ಮಾತು ಕೇಳಲಿಲ್ಲ. "ಎಳಿ ಕಾಣಸ್ತಾವು, ಬರತದ. ಆದ್ರ ಗಾಲಿ ದುಂಡಗ ಬರೂದಿಲ್ಲ. ನಡೀತದೇನ?"

ಕೈಕೆಲಸದವರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ನಮಗೆಲ್ಲ ಒಂದು ಸಿದ್ಧ ಉತ್ತರ ಇದೆ. ಗುಡಿ, ಹೊಲ, ನವಿಲು, ಹಬ್ಬ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಕಾಕು ಮೊದಲು ನೋಡಿದ್ದು ಬಟ್ಟೆಯ ಎಳೆಗಳನ್ನು. ಕಣ್ಣು ಏನನ್ನು ಬೇಕಾದರೂ ಕಾಣಬಹುದು. ಅದರಲ್ಲಿ ಯಾವುದು ಬಟ್ಟೆಗೆ ಇಳಿಯಬೇಕು, ಇಳಿದ ಮೇಲೆ ಹೇಗೆ ಕಾಣಬೇಕು ಅನ್ನುವುದನ್ನು ಎಳೆ ಹೇಳುತ್ತದೆ. ಕಸೂತಿಯ ಗೋಪುರ ಯಾಕೆ ಹಾಗಿದೆ, ಅದರ ನವಿಲು ಯಾಕೆ ಮೆಟ್ಟಿಲು ಮೆಟ್ಟಿಲಾಗಿದೆ ಅಂತ ತಿಳಿಯಬೇಕಾದರೆ ಸೂಜಿ ಹೋಗುವ ದಾರಿಯನ್ನು ಒಂದು ಸಲ ನೋಡಬೇಕು. ನೋಡಿದರೆ ಅಲ್ಲಿ ಒಳ್ಳೇ ಗಣಿತವೂ ಇದೆ. ಹೆದರಬೇಡಿ, ಕೂಡುವುದು ಕಳೆಯುವುದಕ್ಕಿಂತ ಹೆಚ್ಚೇನೂ ಇಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರು, ಮೈಸೂರು ಕಡೆ ಬಟ್ಟೆಯ ಮೇಲಿನ ಯಾವ ಎಂಬ್ರಾಯ್ಡರಿಗಾದರೂ ಕಸೂತಿ ಅಂತಲೇ ಅನ್ನುತ್ತಾರೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಹಾಗಲ್ಲ. ಅಲ್ಲಿ ಕಸೂತಿ ಅಂದರೆ ಎಳೆ ಎಣಿಸಿ ಹಾಕುವ ಈ ಒಂದೇ ಬಗೆಯ ಕೆಲಸ. ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಗಂಟು ಹಾಕುವಂತಿಲ್ಲ. ಬಟ್ಟೆ ಅಂದರೆ ಉದ್ದ ಅಡ್ಡ ಎಳೆಗಳು, ಅಂದರೆ ನೇಕಾರ ಆಗಲೇ ಹಾಕಿಕೊಟ್ಟ ಚೌಕಳಿ ಹಾಳೆ. ಆ ಹಾಳೆಯ ಮೇಲೆ ಮೂರೋ ನಾಲ್ಕೋ ಎಳೆ ಎಣಿಸಿ ಒಂದು ಹೊಲಿಗೆ, ಮತ್ತೆ ಅಷ್ಟೇ ಎಳೆ ಎಣಿಸಿ ಇನ್ನೊಂದು. ಒಂದು ಎಳೆ ತಪ್ಪಿದರೆ ಗೋಪುರದ ಎಡಗಡೆ ಬಲಗಡೆ ಸೇರುವುದೇ ಇಲ್ಲ. ತಪ್ಪಿದ್ದು ತಕ್ಷಣ ಗೊತ್ತೂ ಆಗುವುದಿಲ್ಲ. ಇಪ್ಪತ್ತು ಹೊಲಿಗೆ ಆದಮೇಲೆ ಗೊತ್ತಾಗುತ್ತದೆ, ಆಗ ಎಲ್ಲ ಬಿಚ್ಚಬೇಕು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ ಇದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಮೆಂತಿ ಅಂದರೆ ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುವ ಕತ್ತರಿ ಹೊಲಿಗೆ, ಖಾಲಿ ಜಾಗ ತುಂಬಲು ಬಳಸುತ್ತಾರೆ. ನೇಯ್ಗಿ ಅಂದರೆ ನೇಯ್ದ ಹಾಗೆ ಕಾಣುವುದು, ಉದ್ದ ಗಿಡ್ಡ ಹೊಲಿಗೆಗಳು ಸಾಲಾಗಿ ಕೂತು ಆಕಾರ ಮೂಡುತ್ತದೆ. ಈ ಎರಡರಲ್ಲಿ ಬಟ್ಟೆಯ ಎದುರು ಮತ್ತು ಹಿಂಬದಿ ಒಂದೇ ಥರ ಇರುವುದಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಎರಡೂ ಬದಿ ಒಂದೇ. ಮುರ್ಗಿ ಅಂದರೆ ಗವಂತಿಯೇ ಮೆಟ್ಟಿಲು ಹತ್ತಿದ ಹಾಗೆ. ಆದ್ದರಿಂದ ಗವಂತಿ ಅರ್ಥವಾದರೆ ಅರ್ಧ ಕಸೂತಿ ಅರ್ಥವಾದಂತೆ.

ಎರಡೂ ಬದಿ ಯಾಕೆ ಒಂದೇ ಇರಬೇಕು? ಸೆರಗನ್ನು ನೆನೆಸಿಕೊಳ್ಳಿ. ತಲೆಯ ಮೇಲೆ ಹೊದ್ದಾಗ, ಗಾಳಿಗೆ ಹಾರಿದಾಗ, ಸೊಂಟಕ್ಕೆ ಸಿಕ್ಕಿಸಿದಾಗ ಅದರ ಹಿಂಬದಿ ಕಾಣುತ್ತಲೇ ಇರುತ್ತದೆ. ಇನ್ನೊಂದು ಕಾರಣ ಇನ್ನೂ ಸಾದಾ. ಹಿಂದೆ ಉದ್ದುದ್ದ ದಾರ ಸಡಿಲವಾಗಿ ಬಿದ್ದಿದ್ದರೆ ನಡೆಯುವಾಗ ಕಾಲುಂಗುರಕ್ಕೆ, ಕೆಲಸ ಮಾಡುವಾಗ ಬಳೆಗೆ ಸಿಕ್ಕಿ ಹರಿಯುತ್ತದೆ. ದಿನಾ ಉಟ್ಟು ದಿನಾ ಒಗೆಯುವ ಸೀರೆಗೆ ಅಂಥ ನಾಜೂಕಿನ ಕೆಲಸ ತಡೆಯುವುದಿಲ್ಲ.

ಈಗ ಸೂಜಿಯ ದಾರಿ. ಒಂದು ನೇರ ಗೆರೆ ಹಾಕಬೇಕು ಅಂದುಕೊಳ್ಳಿ. ಅದನ್ನು ಆರು ಮನೆ ಅಂತ ಭಾಗ ಮಾಡಿ. ಒಂದೊಂದು ಮನೆಗೆ ನಾಲ್ಕು ಎಳೆ. ಸೂಜಿ ಮೊದಲ ಮನೆಯನ್ನು ಬಟ್ಟೆಯ ಮೇಲಿಂದ ದಾಟುತ್ತದೆ, ಎರಡನೆಯದನ್ನು ಕೆಳಗಿಂದ, ಮೂರನೆಯದನ್ನು ಮೇಲಿಂದ. ಹೀಗೆ ಆರನೆಯ ಮನೆ ಮುಗಿದಾಗ ಎದುರುಗಡೆ 1, 3, 5 ಮಾತ್ರ ಕಾಣುತ್ತವೆ. ನಡುವೆ ಖಾಲಿ. ನಾವು ಟಾಕು ಹಾಕುತ್ತೇವಲ್ಲ, ಹಾಗೇ. ಇಲ್ಲಿಗೆ ಬಿಟ್ಟರೆ ಅದು ಟಾಕು. ಸೂಜಿ ಅಲ್ಲಿಂದ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಹೊರಟರೆ ಗವಂತಿ. ವಾಪಸ್ ಬರುವಾಗ 6ನೇ ಮನೆ ಮೇಲಿಂದ, 5 ಕೆಳಗಿಂದ, 4 ಮೇಲಿಂದ. ಹೋಗುವಾಗ ಖಾಲಿ ಬಿಟ್ಟದ್ದೆಲ್ಲ ಬರುವಾಗ ತುಂಬುತ್ತದೆ. ಕೊನೆಗೆ ಪ್ರತಿ ಮನೆಗೂ ಎದುರಲ್ಲಿ ಒಂದು ದಾರ, ಹಿಂದೆ ಒಂದು ದಾರ. ಬಟ್ಟೆ ತಿರುಗಿಸಿ ನೋಡಿ, ಯಾವುದು ಎದುರು ಯಾವುದು ಹಿಂದು ಹೇಳುವುದು ಕಷ್ಟ. ಇನ್ನೊಂದು ಲಾಭವೂ ಉಂಟು. ಸೂಜಿ ಹೊರಟಲ್ಲಿಗೇ ಬಂದು ನಿಂತಿದೆ. ಮೊದಲು ಬಿಟ್ಟ ದಾರದ ತುದಿ, ಈಗ ಉಳಿದ ತುದಿ, ಎರಡನ್ನೂ ಹಾಕಿದ ಹೊಲಿಗೆಯೊಳಗೇ ನಾಲ್ಕು ಸಲ ನುಸುಳಿಸಿ ಕತ್ತರಿಸಿದರೆ ಮುಗಿಯಿತು. ಗಂಟಿಗೆ ಕೆಲಸವೇ ಇಲ್ಲ.

ನೇರ ಗೆರೆಗೆ ಸರಿ. ಕವಲು ಬಂದರೆ? ದೀಪದ ಕಂಬಕ್ಕೆ ಪಕ್ಕದಲ್ಲಿ ಒಂದು ಹಣತೆ ಬೇಕು ಅಂದುಕೊಳ್ಳಿ. ಕಂಬ ಹತ್ತುತ್ತಿರುವ ಸೂಜಿ ಎರಡನೇ ಮನೆಯ ತುದಿಯಲ್ಲಿ ಪಕ್ಕಕ್ಕೆ ತಿರುಗುತ್ತದೆ. ಕವಲಿನ ತುದಿವರೆಗೆ ಹೋಗಿ ವಾಪಸ್ ಬಂದು ಮತ್ತೆ ಕಂಬ ಹತ್ತುತ್ತದೆ. ಮೇಲೆ ಕೆಳಗೆ, ಮೇಲೆ ಕೆಳಗೆ ಅನ್ನುವ ಲಯ ತಪ್ಪಿ ಹೋಗುವುದಿಲ್ಲವೇ? ತಪ್ಪುವುದಿಲ್ಲ. ಕವಲಿನಲ್ಲಿ ಎಷ್ಟು ಮನೆ ಹೋದೆವೋ ಅಷ್ಟೇ ಮನೆ ವಾಪಸ್ ಬಂದೆವು. ಮೂರು ಹೋದರೆ ಮೂರು ಬಂದೆವು, ಒಟ್ಟು ಆರು. ಐದು ಹೋದರೆ ಒಟ್ಟು ಹತ್ತು. ಮೊತ್ತ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಕಂಬಕ್ಕೆ ಮರಳಿದಾಗ ಲಯ ಬಿಟ್ಟಲ್ಲೇ ಸಿಗುತ್ತದೆ. ಕವಲಿಗೆ ಕವಲು, ಅದಕ್ಕೊಂದು ಮರಿಕವಲು ಬಂದರೂ ಲೆಕ್ಕ ಇದೇ.

ಶಾಲೆಯಲ್ಲಿ ಒಂದು ಆಟ ಆಡುತ್ತಿದ್ದೆವು, ನೆನಪಿದೆಯಾ? ಪೆನ್ನು ಎತ್ತದೆ, ಒಂದೇ ಗೆರೆಯ ಮೇಲೆ ಎರಡು ಸಲ ಹೋಗದೆ, ಒಂದು ಮನೆ ಬಿಡಿಸಬೇಕು. ಚೌಕ, ಅದರೊಳಗೆ ಕತ್ತರಿ ಗೆರೆ, ಮೇಲೆ ತ್ರಿಕೋನದ ಸೂರು. ಕೆಳಗಿನ ಮೂಲೆಯಿಂದ ಶುರು ಮಾಡಿದರೆ ಬರುತ್ತದೆ, ಬೇರೆ ಕಡೆಯಿಂದ ಬರುವುದಿಲ್ಲ. ಸೂರು ತೆಗೆದು ಬರೀ ಚೌಕ ಮತ್ತು ಕತ್ತರಿ ಬಿಡಿಸಿ ಅಂದರೆ ಏನು ಮಾಡಿದರೂ ಬರುವುದಿಲ್ಲ. ಆಯ್ಲರ್ ಎಂಬ ಗಣಿತಜ್ಞ 18ನೇ ಶತಮಾನದಲ್ಲಿ ಇದರ ಗುಟ್ಟು ಬಿಡಿಸಿದ. ಗೆರೆಗಳು ಕೂಡುವ ಜಾಗದಲ್ಲಿ ಬೆಸ ಸಂಖ್ಯೆಯ ಗೆರೆಗಳಿದ್ದರೆ ತೊಂದರೆ. ಅಂಥ ಜಾಗ ಎರಡಕ್ಕಿಂತ ಜಾಸ್ತಿ ಇದ್ದರೆ ಚಿತ್ರ ಒಂದೇ ಎಳೆತದಲ್ಲಿ ಬರುವುದಿಲ್ಲ. ಗವಂತಿ ಆ ತೊಂದರೆಯನ್ನೇ ಇಲ್ಲವಾಗಿಸುತ್ತದೆ. ಇಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗಲೇಬೇಕು. ಮೂರು ಗೆರೆ ಕೂಡುವಲ್ಲಿ ಆರಾಯಿತು, ಐದು ಕೂಡುವಲ್ಲಿ ಹತ್ತಾಯಿತು. ಬೆಸ ಅನ್ನುವುದೇ ಉಳಿಯಲಿಲ್ಲ. ಅಂದಮೇಲೆ ಎಷ್ಟೇ ಕಷ್ಟದ ಚಿತ್ರವಾದರೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಸಾಕು, ಒಂದೇ ದಾರದಲ್ಲಿ ಹೊರಟಲ್ಲಿಗೆ ಬಂದು ಮುಟ್ಟಬಹುದು. ಕಾಕುಗೆ ಆಯ್ಲರ್ ಹೆಸರು ಗೊತ್ತಿಲ್ಲ. ಆದರೆ ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗಿನ ಪಾಲಿಗೆ ಇಡಬೇಕು ಅಂತ ಸೂಜಿ ಚುಚ್ಚುವ ಮೊದಲೇ ಗೊತ್ತು. ನನಗಂತೂ ಇಂದಿಗೂ ನಡುದಾರಿಯಲ್ಲಿ ಸಿಕ್ಕಿಬೀಳುವುದೇ ಜಾಸ್ತಿ.

"ಅಂಟಿಕೊಂಡಿದ್ದರೆ ಸಾಕು" ಅಂದೆನಲ್ಲ, ಚಿತ್ರದ ಹುಟ್ಟು ಅಲ್ಲೇ ಇದೆ. ಗಿಳಿಯ ಕಣ್ಣನ್ನು ಒಂದು ಚುಕ್ಕೆಯಾಗಿ ನಡುವೆ ಇಡಬೇಕು ಅಂದರೆ ಸೂಜಿ ಅಲ್ಲಿಗೆ ಹೋಗುವುದು ಹೇಗೆ? ಹಿಂಬದಿಯಿಂದ ಹಾರಿದರೆ ಆ ದಾರ ಹಿಂದೆ ಕಾಣುತ್ತದೆ. ಬೇರೆ ದಾರ ತಗೊಂಡರೆ ಅದರ ಎರಡು ತುದಿ ಮುಚ್ಚಿಡಲು ಒಂದು ಚುಕ್ಕೆಯಲ್ಲಿ ಜಾಗ ಇಲ್ಲ. ಆದ್ದರಿಂದ ಕಣ್ಣಿಗೆ ಕೊಕ್ಕಿನಿಂದಲೋ ನೆತ್ತಿಯಿಂದಲೋ ಒಂದು ಗೆರೆ ಬಂದು ಸೇರಬೇಕು, ಇಲ್ಲವಾದರೆ ಕಣ್ಣೇ ಬೇಡ. ದುಂಡಗಿನದು ಕೂಡ ಹೀಗೆಯೇ. ಎಳೆಗಳು ಅಡ್ಡ ಮತ್ತು ಉದ್ದ ಇವೆ, ಅವುಗಳ ನಡುವೆ ಓರೆಯಾಗಿ ಹೋಗಬಹುದು. ವೃತ್ತ ಬರುವುದಿಲ್ಲ. ಹಾಗಾಗಿ ತೇರಿನ ಗಾಲಿಗೆ ಮೂಲೆ ಬರುತ್ತವೆ, ಆನೆಯ ಬೆನ್ನು ಮೆಟ್ಟಿಲಾಗುತ್ತದೆ, ಕಮಲದ ಎಸಳು ಚೂಪಾಗುತ್ತದೆ.

ಈ ಕಣ್ಣಿನಿಂದ ಹಳೆಯ ಚಿತ್ರಗಳನ್ನು ನೋಡಿ. ಗೋಪುರ, ತುಳಸಿ ಕಟ್ಟೆ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ತೊಟ್ಟಿಲು, ದೀಪದ ಕಂಬ, ನಂದಿ, ನವಿಲು, ಹಂಸ. ಇವೆಲ್ಲ ಆ ಹೆಂಗಸರು ದಿನಾ ಕಂಡದ್ದೇ. ಅಂಗಳದ ತುಳಸಿ, ಜಾತ್ರೆಯ ತೇರು, ಮನೆಯ ತೊಟ್ಟಿಲು. ಆದರೆ ಅವರು ದಿನಾ ಕಂಡದ್ದು ಇನ್ನೂ ಬೇಕಾದಷ್ಟು ಇತ್ತಲ್ವಾ? ಕೆರೆ ಕಂಡಿದ್ದರು, ಮೋಡ ಕಂಡಿದ್ದರು, ಒಲೆಯ ಹೊಗೆ ಅಂತೂ ಮೂರು ಹೊತ್ತೂ ಕಂಡಿದ್ದರು. ಅವು ಯಾಕೆ ಸೀರೆಗೆ ಇಳಿಯಲಿಲ್ಲ? ನನ್ನ ಪ್ರಕಾರ, ಗೋಪುರ ಮೊದಲೇ ಮೆಟ್ಟಿಲು ಮೆಟ್ಟಿಲಾಗಿದೆ. ತುಳಸಿ ಕಟ್ಟೆಯೂ ಹಾಗೇ ಇದೆ. ತೇರು ಗೋಪುರಕ್ಕೆ ಗಾಲಿ ಹಚ್ಚಿದ ಹಾಗೆ. ಎಡ ಬಲ ಒಂದೇ ಇರುವ, ನಡುವೆ ಒಂದು ಕಂಬ ಇರುವ, ಕವಲುಗಳು ಅದಕ್ಕೆ ಅಂಟಿಕೊಂಡಿರುವ ವಸ್ತುಗಳನ್ನು ಸೂಜಿ ಬೇಗ ಒಪ್ಪಿಕೊಂಡಿತು. ಹೊಗೆಗೆ ಅಂಥ ಮೂಳೆ ಇಲ್ಲ.

ಬಟ್ಟೆಯೂ ತನ್ನ ಪಾಲು ಸೇರಿಸಿತು. ಈ ಕೆಲಸ ಬೆಳೆದದ್ದು ಇಳಕಲ್ ಸೀರೆಯ ಮೇಲೆ, ಖಣದ ಕುಪ್ಪಸದ ಮೇಲೆ, ಮಕ್ಕಳ ತಲೆಗೆ ಹಾಕುವ ಕುಂಚಿಗೆ ಮೇಲೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ (ಉದ್ದ ಎಳೆಗಳೇ) ಬೇರೆ, ಸೆರಗಿನ ಹಾಸೇ ಬೇರೆ. ಎರಡರ ತುದಿಗಳನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪತೆನಿ, ಅಂದರೆ ಜೋಳದ ತೆನೆಯ ಸಾಲು, ನೇಯ್ಗೆಯಲ್ಲೇ ಬಂದಿರುತ್ತದೆ. ಕಸೂತಿಯವರು ಅದನ್ನು ಹಾಳು ಮಾಡದೆ ಅದರ ಪಕ್ಕದಿಂದ ಶುರು ಮಾಡುತ್ತಾರೆ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು. ಒಡಲಿನ ಕಡೆ ಸರಿದಂತೆ ಚಿತ್ರಗಳು ಸಣ್ಣದಾಗಿ, ದೂರ ದೂರವಾಗಿ, ಕೊನೆಗೆ ಬರೀ ಚಿಕ್ಕಿ. ಹೆಚ್ಚು ಕಾಣುವ ಕಡೆ ಹೆಚ್ಚು ಕೆಲಸ. ಚಂದ್ರಕಾಳಿ ಅನ್ನುವ ಅಚ್ಚ ಕಪ್ಪು ಸೀರೆಯ ಮೇಲೆ ಕೆಂಪು, ಹಳದಿ, ಹಸಿರು, ಬಿಳಿ ದಾರ ಬಿದ್ದರೆ ಆ ಚೆಲುವೇ ಬೇರೆ. ಹಿಂದೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಅದಕ್ಕೊಂದು ಜಾಗ ಇತ್ತು. ಹಾಕುವವರ ಕಣ್ಣು ಕೇಳಿ! ಕಪ್ಪಿನ ಮೇಲೆ ಕಪ್ಪು ಎಳೆ ಎಣಿಸಬೇಕು. ಕಾಕು ಅದನ್ನು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ, ಬಾಗಿಲ ಬೆಳಕಿನಲ್ಲಿ ಕೂತು ಹಾಕುತ್ತಾರೆ.

ನುಣ್ಣನೆಯ ರೇಷ್ಮೆ ಸೀರೆಯಲ್ಲಿ ಎಳೆ ಕಾಣುವುದೇ ಇಲ್ಲ. ಅದಕ್ಕೊಂದು ಉಪಾಯ ಇದೆ. ಎಳೆ ಚೆನ್ನಾಗಿ ಕಾಣುವ ಜಾಳಾದ ಕ್ಯಾನ್ವಾಸ್ ಬಟ್ಟೆಯ ತುಂಡನ್ನು ಮೇಲೆ ಟಾಕು ಹಾಕಿ ಕೂಡಿಸುತ್ತಾರೆ. ಅದರ ಎಳೆ ಎಣಿಸುತ್ತ ಎರಡನ್ನೂ ಸೇರಿಸಿ ಹೊಲಿಯುತ್ತಾರೆ. ಎಲ್ಲ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯುತ್ತಾರೆ. ರೇಷ್ಮೆಯ ಮೇಲೆ ಕಸೂತಿ ಉಳಿಯುತ್ತದೆ. ಆ ಎಳೆ ಹಿರಿಯುವ ಕೆಲಸ ಮನೆಯ ಮಕ್ಕಳಿಗೆ ಬರುತ್ತಿತ್ತು. ನಾನು ಕಸೂತಿಯಲ್ಲಿ ಮಾಡಿದ ಮೊದಲ ಕೆಲಸ ಅದೇ.

ಇದು ನಮ್ಮಲ್ಲಿ ಮಾತ್ರ ಇರುವ ಹೊಲಿಗೆಯೂ ಅಲ್ಲ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಅಂಗಿಯ ಕಾಲರಿಗೆ, ತೋಳಿನ ಅಂಚಿಗೆ ಇದೇ ಹೋಗಿ ಬರುವ ಹೊಲಿಗೆ ಹಾಕುತ್ತಿದ್ದರು. ಹಾನ್ಸ್ ಹೊಲ್ಬೈನ್ ಎಂಬ ಚಿತ್ರಕಾರ ಅದನ್ನು ತನ್ನ ಚಿತ್ರಗಳಲ್ಲಿ ಎಷ್ಟು ಚೆನ್ನಾಗಿ ಬರೆದನೆಂದರೆ ಅಲ್ಲಿ ಆ ಹೊಲಿಗೆಗೆ ಅವನ ಹೆಸರೇ ನಿಂತಿತು. ಹೊಲಿದ ಹೆಂಗಸರ ಹೆಸರು ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ಯಾರು ಯಾರಿಂದ ಕಲಿತರು ಅನ್ನುವ ಜಗಳ ನನಗೆ ಬೇಡ. ಕಾಲರೂ ಮಡಚಿಕೊಳ್ಳುತ್ತದೆ, ಸೆರಗೂ ತಿರುಗಿಕೊಳ್ಳುತ್ತದೆ. ಎರಡೂ ಬದಿ ಕಾಣುವ ಬಟ್ಟೆ ಇದ್ದಲ್ಲಿ ಕೈಗೆ ಈ ದಾರಿ ಹೊಳೆಯುವುದು ಸಹಜ.

ಚಿತ್ರಗಳು ಒಬ್ಬರಿಂದ ಒಬ್ಬರಿಗೆ ದಾಟುವ ರೀತಿಯೂ ವಿಚಿತ್ರ. ಕಾಕು ಹತ್ತಿರ ಒಂದು ಹಳೇ ಮ್ಯಾಟಿ ಬಟ್ಟೆ ಇದೆ, ಎಳೆ ಸುಲಭವಾಗಿ ಎಣಿಸಲು ಬರುವಂಥದ್ದು. ಅವರ ತಾಯಿ ಹಾಕಿದ ನಮೂನೆಗಳು ಅದರ ತುಂಬ. ಅದನ್ನು ನೋಡಿ ಎಣಿಸಿಕೊಂಡು ಹೊಸದಕ್ಕೆ ಇಳಿಸುತ್ತಾರೆ. ಅದರಲ್ಲೊಂದು ಗೋಪುರಕ್ಕೆ ಬಲಗಡೆ ಒಂದು ಮೆಟ್ಟಿಲು ಜಾಸ್ತಿ. ಎಣಿಕೆ ತಪ್ಪಿ ಬಂದದ್ದು, ಬಿಚ್ಚಲು ಬೇಜಾರಾಗಿ ಹಾಗೇ ಬಿಟ್ಟದ್ದು. ಕಾಕು ಅದನ್ನು ತಪ್ಪಿನ ಸಮೇತ ಕಲಿತರು. ಆಮೇಲೆ ಎಡಗಡೆಯೂ ಒಂದು ಮೆಟ್ಟಿಲು ಸೇರಿಸಿ ಸರಿ ಮಾಡಿದರು. ಈಗ ಅದು ನಮ್ಮ ಮನೆಯ ಗೋಪುರ. ಬೇರೆ ಯಾರ ಸೀರೆಯಲ್ಲೂ ನಾನದನ್ನು ನೋಡಿಲ್ಲ. ಸ್ಫೂರ್ತಿ ಅಂತ ನಾವು ದೊಡ್ಡ ಮಾತಿನಲ್ಲಿ ಹೇಳುವುದರಲ್ಲಿ ಇಂಥ ತಪ್ಪುಗಳ ಪಾಲು ಎಷ್ಟಿರಬಹುದು ಅಂತ ಆಗಾಗ ಯೋಚಿಸುತ್ತೇನೆ.

ದುಡ್ಡಿನ ಮಾತು. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಕೂತು ಮಾಡುವ ಹೆಂಗಸರು. ಯಾರೋ ಸೀರೆ, ದಾರ ತಂದು ಕೊಡುತ್ತಾರೆ, ಹಾಕಿ ಕೊಟ್ಟರೆ ಇಂತಿಷ್ಟು. ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಕಸೂತಿ ಸಿಗುತ್ತದೆ. ಜಿಐ ಟ್ಯಾಗ್, ಅಂದರೆ ಈ ಹೆಸರು ಈ ಪ್ರದೇಶದ ಕೆಲಸಕ್ಕೇ ಸೇರಿದ್ದು ಅನ್ನುವ ಕಾನೂನಿನ ಗುರುತು, ಅದೂ ಇದೆ. ಆದರೆ ಟ್ಯಾಗ್ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಅಲ್ಲ. "ಬಿಡುವಿನಲ್ಲಿ ಮಾಡುವ ಕೆಲಸ ತಾನೇ" ಅನ್ನುವ ಒಂದು ಮಾತಿದೆ. ನನಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಲೆಕ್ಕ ಹಾಕಿ. 200 ಮನೆಯ ಒಂದು ಗೋಪುರ ಅಂದರೆ ಹೋಗಿ ಬಂದು 400 ದಾಟು. ಸೆರಗಿಗೆ ಅಂಥ 20 ಗೋಪುರ ಅಂದರೆ 8,000. ಅದರಲ್ಲಿ ಹೋಗುವ ಪ್ರತಿ ದಾಟಿಗೂ ನಾಲ್ಕು ಎಳೆ ಎಣಿಸಬೇಕು. ಇದು ಬಿಡುವು ಅಂದರೆ ದುಡಿಮೆ ಯಾವುದು?

ಮೋಸಕ್ಕೂ ಜಾಗ ಇಲ್ಲೇ. ನಾಲ್ಕು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಕೈಕಸೂತಿ ಅಂತ ಹೇಳಿ ನನಗೊಂದು ಸೀರೆ ಕೊಟ್ಟರು. ಸುಮ್ನೆ ನಂಬಿ ತಂದೆ. ಕಾಕು ಸೆರಗು ತಿರುಗಿಸಿ ನೋಡಿ ಏನೂ ಹೇಳದೆ ಮಡಚಿಟ್ಟರು. ಹಿಂಬದಿಯಲ್ಲಿ ಚಿತ್ರದ ಬಣ್ಣ ಏನೇ ಇರಲಿ, ಎಲ್ಲ ಕಡೆ ಒಂದೇ ಬಿಳಿ ದಾರ. ಮಷಿನ್ನಿನ ಬಾಬಿನ್ ದಾರ ಅದು. ಇಂಥ ಮಷಿನ್ನಿಗೆ ಎರಡು ದಾರ ಬೇಕು, ಮೇಲೊಂದು ಕೆಳಗೊಂದು. ಒಂದೇ ದಾರದಲ್ಲಿ ಹೋಗಿ ಬರುವುದು ಅದಕ್ಕೆ ಬರುವುದಿಲ್ಲ. ಹಾಗಾಗಿ ಕೊಳ್ಳುವಾಗ ಮೊದಲು ಹಿಂಬದಿ ನೋಡಿ. ಗವಂತಿ, ಮುರ್ಗಿ ಇದ್ದಲ್ಲಿ ಎದುರಿನ ಬಣ್ಣ, ಎದುರಿನ ಗೆರೆಯೇ ಹಿಂದೆಯೂ ಇರಬೇಕು. ಮೆಂತಿ, ನೇಯ್ಗಿ ಇದ್ದಲ್ಲಿ ಗೆರೆ ಬೇರೆ ಥರ ಕಂಡರೂ ಬಣ್ಣ ಬದಲಾಗಬಾರದು. ಅಚ್ಚು ಹಾಕಿದ "ಕಸೂತಿ ಡಿಸೈನ್" ಅಂತೂ ಬೆರಳಿಟ್ಟರೆ ಸಾಕು, ಗೊತ್ತಾಗುತ್ತದೆ. ಅಚ್ಚನ್ನು ಅಚ್ಚು ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ.

ಸೈಕಲ್ಲಿಗೆ ಬರೋಣ. ಕಾಕು ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಮೊಮ್ಮಗಳ ಚೌಕಳಿ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ನೋಡಿದರು. ಅವರು ಹಾಳೆಯ ಮೇಲೆ ಚಿತ್ರ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಾಲಿಗೆ ಎಂಟು ಬದಿ. ನಾಲ್ಕು ನೇರ, ನಾಲ್ಕು ಓರೆ. ಬದಿಗೆ ಎರಡು ಮನೆ, ಸುತ್ತಿಗೆ 16. ನಡುವಿನ ಗುಂಬದಿಂದ ನಾಲ್ಕು ಕಡ್ಡಿ, ಕಡ್ಡಿಗೆ ಮೂರು ಮನೆ, ಒಟ್ಟು 12. ಒಂದು ಗಾಲಿಗೆ 28 ಮನೆ, ಅಗಲ 24 ಎಳೆ. ಸೂಜಿ ಚೌಕಟ್ಟಿನಿಂದ ಬಂದು ಗುಂಬ ಮುಟ್ಟಬೇಕು. ಒಂದು ಕಡ್ಡಿ ಹಿಡಿದು ಹೊರಗೆ ಹೋಗಿ ಸುತ್ತು ಹೊಡೆಯಬೇಕು. ತಿರುಗಿ ಉಲ್ಟಾ ಸುತ್ತು ಹೊಡೆಯುವಾಗ ಉಳಿದ ಮೂರು ಕಡ್ಡಿಗೂ ಒಳಗೆ ಹೋಗಿ ಹೊರಗೆ ಬರಬೇಕು. ಕೊನೆಗೆ ಮೊದಲ ಕಡ್ಡಿಯಲ್ಲೇ ಗುಂಬಕ್ಕೆ ವಾಪಸ್. ಒಟ್ಟು 56 ದಾಟು, ಒಂದೂ ಹೆಚ್ಚಲ್ಲ ಒಂದೂ ಕಡಿಮೆ ಅಲ್ಲ. ಅಲ್ಲಿಂದ ಚೌಕಟ್ಟು, ಸೀಟು, ಹ್ಯಾಂಡಲ್, ಎರಡನೇ ಗಾಲಿ.

ಹುಡುಗಿಗೆ ಬೆಲ್ ಬೇಕಿತ್ತು, ಹ್ಯಾಂಡಲ್ ಮೇಲೆ ಬೇರೆಯಾಗಿ. ಕಾಕು ತಲೆ ಅಲ್ಲಾಡಿಸಿದರು. "ಹಂಗ ಒಂಟಿ ಬಿಡಾಕ ಬರೂದಿಲ್ಲವ್ವಾ. ಹ್ಯಾಂಡಲ್‌ಗೆ ಒಂದು ಮನಿ ಹಚ್ಚಿ ಕೂಡಸ್ತೀನಿ."

ಆರು ಎಳೆಯ ಲಡಿ ದಾರದಿಂದ ಎರಡೆಳೆ ಬಿಡಿಸಿ, ಕೆಂಪಿನಲ್ಲಿ ಹಾಕಿದರು. ಮಾರನೇ ದಿನ ಸಂಜೆ ಹೊತ್ತಿಗೆ ಮುಗಿಯಿತು. ಗಾಲಿ ಎರಡೂ ತೇರಿನ ಗಾಲಿಯ ಹಾಗೇ ಇವೆ, ಬೆಲ್ ತುಳಸಿ ಕಟ್ಟೆಯ ತುದಿಯ ಹಾಗಿದೆ. ಅಣ್ಣನ ಮಗಳು ಕುರ್ತಾವನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡು ಓಣಿಯಲ್ಲಿ ತಿರುಗಾಡಿ ಬಂದಳು. ಯಾರಾದರೂ ಉಲ್ಟಾ ಅಂತ ಹೇಳುತ್ತಾರೇನೋ ನೋಡೋಣ ಅಂತ. ಪಕ್ಕದ ಮನೆಯ ಹುಡುಗ ಹೇಳಿದ, ಕುರ್ತಾ ಹೊಲಿದ ಅಂಚು ನೋಡಿ. ಸೈಕಲ್ ನೋಡಿ ಅಲ್ಲ.